ಸುರಂಗದ ರೈಲು, ಮೇಲಿನ ಮನೆ: ಸದ್ದು ಎಷ್ಟು ಬರುತ್ತದೆಂದು ಮೊದಲೇ ಹೇಳಬಹುದೇ?

ಪ್ರಶ್ನೆ: ನಮ್ಮ ಮನೆ ಮಂಗಳೂರಿನ ಕುಲಶೇಖರದ ಗುಡ್ಡದಲ್ಲಿದೆ. ರೈಲು ಸುರಂಗ ನಮ್ಮ ಜಾಗದಿಂದ ಸ್ವಲ್ಪ ಪಕ್ಕಕ್ಕೆ, ಕೆಳಗೆ ಹಾದುಹೋಗುತ್ತದೆ. ಹಳೆಯ ಮನೆ ಮುರಕಲ್ಲಿನದು (ಜಂಬಿಟ್ಟಿಗೆಯದು), ಹೆಂಚಿನ ಮಾಡು. ಆರು ವರ್ಷದ ಹಿಂದೆ ಅದಕ್ಕೆ ತಾಗಿ ಎರಡಂತಸ್ತಿನ ತಾರಸಿ ಮನೆ ಸೇರಿಸಿದೆವು. ರಾತ್ರಿ ಗೂಡ್ಸ್ ರೈಲು ಹೋಗುವಾಗ ಮೇಲಿನ ಹನ್ನೆರಡು ಅಡಿ ಅಗಲ, ಹದಿಮೂರು ಅಡಿ ಉದ್ದದ ಕೋಣೆಯಲ್ಲಿ ‘ಗುಂಯ್’ ಎಂಬ ಸದ್ದು ಕೇಳುತ್ತದೆ, ಕಪಾಟಿನ ಸ್ಟೀಲ್ ಲೋಟಗಳು ಕಿಣಿಕಿಣಿ ಎನ್ನುತ್ತವೆ. ಹಳೆಯ ಚಾವಡಿಯಲ್ಲಿ ಏನೂ ಇಲ್ಲ, ಅಂಗಳದಲ್ಲಿ ನಿಂತರೂ ಕೇಳುವುದಿಲ್ಲ. ಈಗ ನನ್ನ ತಮ್ಮ ಪಕ್ಕದ ಖಾಲಿ ಜಾಗದಲ್ಲಿ ಮನೆ ಕಟ್ಟಲು ಹೊರಟಿದ್ದಾನೆ. ಅಲ್ಲಿ ಎಷ್ಟು ಸದ್ದು, ಎಷ್ಟು ಅದುರು ಬರುತ್ತದೆ ಎಂದು ಕಟ್ಟುವ ಮೊದಲೇ ಲೆಕ್ಕ ಹಾಕಬಹುದೇ? ನಮ್ಮ ಗೋಡೆಯ ಬಿರುಕುಗಳೂ ಈ ರೈಲಿನದ್ದೇ?

ಉತ್ತರ: ಲೆಕ್ಕ ಹಾಕಬಹುದು. ಆದರೆ ಬರೇ ನಕ್ಷೆ ಮತ್ತು ಸೂತ್ರಗಳನ್ನು ಇಟ್ಟುಕೊಂಡು ಹಾಕಿದ ಲೆಕ್ಕದಲ್ಲಿ ಆಚೀಚೆ 10 ಡೆಸಿಬೆಲ್ ವ್ಯತ್ಯಾಸ ಬಂದರೆ ಈ ಕ್ಷೇತ್ರದಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. 10 ಡೆಸಿಬೆಲ್ ಎಂದರೆ ಕಂಪನದ ವೇಗದಲ್ಲಿ ಮೂರು ಪಟ್ಟಿಗಿಂತ ಹೆಚ್ಚು. ಅಂದರೆ ‘ಗೊತ್ತೇ ಆಗುವುದಿಲ್ಲ’ ಎಂಬುದಕ್ಕೂ ‘ನಿದ್ದೆ ಕೆಡುತ್ತದೆ’ ಎಂಬುದಕ್ಕೂ ನಡುವಿನ ಅಂತರವೇ ಅಷ್ಟು. ನಿಮ್ಮ ತಮ್ಮನ ಅದೃಷ್ಟಕ್ಕೆ ರೈಲು ಈಗಾಗಲೇ ಓಡುತ್ತಿದೆ, ಜಾಗ ಖಾಲಿ ಇದೆ. ಲೆಕ್ಕದ ಅತಿ ಕಷ್ಟದ ಎರಡು ಭಾಗಗಳಾದ ರೈಲು ಮತ್ತು ಮಣ್ಣನ್ನು ಊಹಿಸುವ ಅಗತ್ಯವಿಲ್ಲ, ಅಳೆದೇ ತಿಳಿದುಕೊಳ್ಳಬಹುದು. ಊಹಿಸಲು ಉಳಿಯುವುದು ಇನ್ನೂ ಕಟ್ಟದ ಮನೆ ಮಾತ್ರ, ಮತ್ತು ಅದನ್ನು ಹೇಗೆ ಕಟ್ಟಬೇಕೆಂಬುದು ಅವರ ಕೈಯಲ್ಲೇ ಇದೆ.

ಸದ್ದು ಹುಟ್ಟುವ ಜಾಗದಿಂದಲೇ ಆರಂಭಿಸೋಣ. ಗಾಲಿಯೂ ಹಳಿಯೂ ನಯವಾಗಿ ಕಂಡರೂ ಎರಡರ ಮೈಮೇಲೂ ತಲೆಕೂದಲಿಗಿಂತ ತೆಳುವಾದ ಉಬ್ಬುತಗ್ಗುಗಳಿರುತ್ತವೆ. ಟನ್‌ಗಟ್ಟಲೆ ಭಾರ ಅದರ ಮೇಲೆ ಉರುಳುವಾಗ ಪ್ರತಿ ಉಬ್ಬೂ ಹಳಿಗೆ ಒಂದು ಪೆಟ್ಟು ಕೊಡುತ್ತದೆ. ಪೆಟ್ಟುಗಳ ಆವೃತ್ತಿ, ಅಂದರೆ ಸೆಕೆಂಡಿಗೆ ಎಷ್ಟು ಸಲ (ಅದರ ಮಾನ ಹರ್ಟ್ಸ್) ಎಂದು ತಿಳಿಯಲು ರೈಲಿನ ವೇಗವನ್ನು ಉಬ್ಬಿನ ಉದ್ದದಿಂದ ಭಾಗಿಸಿದರೆ ಸಾಕು. ಇದಲ್ಲದೆ ಹಳಿ ಸ್ಲೀಪರಿನ (ಹಳಿಯಡಿಯ ಅಡ್ಡತೊಲೆಯ) ಮೇಲೆ ಗಟ್ಟಿಯಾಗಿಯೂ ಎರಡು ಸ್ಲೀಪರುಗಳ ನಡುವೆ ಸ್ವಲ್ಪ ಮೆದುವಾಗಿಯೂ ಇರುವುದರಿಂದ ಪ್ರತಿ ಸ್ಲೀಪರ್ ದಾಟುವಾಗಲೂ ಗಾಲಿ ಒಂದು ಸಲ ಏರಿಳಿಯುತ್ತದೆ. ನಮ್ಮ ಬ್ರಾಡ್‌ಗೇಜ್ ಮುಖ್ಯ ಹಳಿಗಳಲ್ಲಿ ಸಾಮಾನ್ಯವಾಗಿ ಕಿಲೋಮೀಟರಿಗೆ 1660 ಸ್ಲೀಪರುಗಳಿರುತ್ತವೆ, ಎಂದರೆ ಸುಮಾರು 60 ಸೆಂಟಿಮೀಟರಿಗೊಂದು. ಗೂಡ್ಸ್ ರೈಲು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದೆ ಎಂದಿಟ್ಟುಕೊಂಡರೆ ಸೆಕೆಂಡಿಗೆ 28 ಸ್ಲೀಪರ್ ದಾಟುತ್ತದೆ; ಅಲ್ಲಿ 28 ಹರ್ಟ್ಸ್‌ನ ಒಂದು ಗೆರೆ, ಅದರ ಎರಡರಷ್ಟು 56 ಹರ್ಟ್ಸ್‌ನಲ್ಲಿ ಇನ್ನೊಂದು ಸಣ್ಣ ಗೆರೆ ನಿಮ್ಮ ನೆಲದ ಕಂಪನವನ್ನು ಆವೃತ್ತಿವಾರು ಅಳೆದ ನಕ್ಷೆಯಲ್ಲಿ ಮೂಡುತ್ತದೆ. ಇವುಗಳ ಜೊತೆಗೆ, ಸ್ಪ್ರಿಂಗಿನ ಕೆಳಗಿರುವ ಗಾಲಿ ಮತ್ತು ಅಚ್ಚಿನ ಭಾರ ಹಳಿಯ ಮೇಲೆಯೇ ಕುಣಿಯುವ ಒಂದು ಸಹಜ ಆವೃತ್ತಿ ಇದೆ. ಹಳಿಯ ಹಾಸು ಎಷ್ಟು ಗಟ್ಟಿ ಎಂಬುದರ ಮೇಲೆ ಅದು ಸಾಮಾನ್ಯವಾಗಿ 30ರಿಂದ 80 ಹರ್ಟ್ಸ್ ನಡುವೆ ಬೀಳುತ್ತದೆ, ಸುರಂಗದ ಮೇಲಿನ ಮನೆಗಳಲ್ಲಿ ಕೇಳುವ ಗುಂಯ್‌ಗುಡುವಿಕೆಯ ದೊಡ್ಡ ಪಾಲು ಅದರದ್ದೇ. ಗೂಡ್ಸ್ ರೈಲಿನಲ್ಲಿ ಎಲ್ಲೋ ಒಂದು ಗಾಲಿ ಬ್ರೇಕ್ ಹಿಡಿದು ಜಾರಿ ಚಪ್ಪಟೆಯಾಗಿದ್ದರೆ, ಒಂದು ಮೀಟರ್ ವ್ಯಾಸದ ಆ ಗಾಲಿ ಇದೇ ವೇಗದಲ್ಲಿ ಸೆಕೆಂಡಿಗೆ ಐದು ಸಲ ಹಳಿಯನ್ನು ಗುದ್ದುತ್ತದೆ. ರಾತ್ರಿ ಮಲಗಿದಲ್ಲೇ ಕಿವಿಗೊಟ್ಟರೆ ಅಂಥ ಒಂದು ವ್ಯಾಗನ್ ಹತ್ತಿರ ಬಂದು ದೂರ ಹೋಗುವುದನ್ನು ಎಣಿಸಬಹುದು. ಅಮೆರಿಕದ ಸಾರಿಗೆ ಇಲಾಖೆಯ ಕೈಪಿಡಿ ಸವೆದ, ಚಪ್ಪಟೆ ಬಿದ್ದ ಗಾಲಿಗೆ 10 ಡೆಸಿಬೆಲ್ ಸೇರಿಸಿರೆಂದು ಹೇಳುತ್ತದೆ. ವೇಗ ಇಮ್ಮಡಿಯಾದರೆ ಅದೇ ಕೈಪಿಡಿ ಸೇರಿಸುವುದು 6 ಮಾತ್ರ. ‘ರೈಲು ನಿಧಾನ ಹೋಗಲಿ’ ಎಂದು ಅರ್ಜಿ ಬರೆಯುವವರು ‘ಗಾಲಿ ಸರಿ ಮಾಡಿ’ ಎಂದು ಬರೆದರೆ ಹೆಚ್ಚು ಲಾಭ ಎಂಬುದು ನನ್ನ ಅಭಿಪ್ರಾಯ.

ಮುಂದಿನದು ಮಣ್ಣು. ಪರದೇಶದ ಪುಸ್ತಕಗಳ ವಕ್ರರೇಖೆಗಳು ನಮ್ಮಲ್ಲಿ ಕೈಕೊಡುವುದು ಇಲ್ಲೇ. ಬಹುಪಾಲು ಮಾದರಿಗಳು ಮೇಲೆ ಮೆದು ಮಣ್ಣು, ಕೆಳಗೆ ಹೋದಂತೆ ಗಟ್ಟಿ ಎಂಬ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡಿವೆ. ಲಂಡನ್ನಿನ ಜೇಡಿಮಣ್ಣಿನಲ್ಲಿ ಅವುಗಳನ್ನು ಒರೆಗೆ ಹಚ್ಚಿದ್ದಾರೆ. ಮಂಗಳೂರು, ಉಡುಪಿಯ ಗುಡ್ಡಗಳಲ್ಲಿ ಕ್ರಮ ತಲೆಕೆಳಗು: ಮೇಲೆ ಗಟ್ಟಿ ಮುರಕಲ್ಲಿನ ಟೊಪ್ಪಿ, ಅದರ ಕೆಳಗೆ ಮೆದುವಾದ ಶೇಡಿ ಮಣ್ಣು, ಅದರ ಕೆಳಗೆ ಶಿಥಿಲವಾದ ಬಂಡೆ, ಕೊನೆಗೆ ನೈಸ್ ಎಂಬ ಗಟ್ಟಿ ಶಿಲೆ. ಬಾವಿ ತೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾರೆ ಮೊದಲು ಕಿಡಿ ಹಾರಿಸಿ ಆಮೇಲೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ. ನಿಮ್ಮ ಕೆಳಗಿನ ಸುರಂಗ ಈ ಪದರಗಳಲ್ಲಿ ಯಾವುದನ್ನು ಕೊರೆದು ಹೋಗಿದೆ ಎಂಬುದರ ಮೇಲೆ ಸದ್ದಿನ ಗುಣವೇ ಬದಲಾಗುತ್ತದೆ. ಮಣ್ಣು ಅಲೆಯನ್ನು ತಿನ್ನುವುದು ಅಲೆಯುದ್ದದ ಲೆಕ್ಕದಲ್ಲಿ. ಅಡ್ಡ ಅಲೆ (ಮಣ್ಣನ್ನು ಪಕ್ಕಕ್ಕೆ ಅಲುಗಿಸುತ್ತ ಸಾಗುವ ಅಲೆ) ಸೆಕೆಂಡಿಗೆ 250 ಮೀಟರ್ ವೇಗದಲ್ಲಿ ಹೋಗುವ ಮಣ್ಣಿನಲ್ಲಿ 50 ಹರ್ಟ್ಸ್‌ನ ಅಲೆಯುದ್ದ 5 ಮೀಟರ್. ಇಪ್ಪತ್ತು ಮೀಟರ್ ಏರುವಷ್ಟರಲ್ಲಿ ಅದು ನಾಲ್ಕು ಸುತ್ತು ಸವೆಯುತ್ತದೆ. ಸೆಕೆಂಡಿಗೆ 2000 ಮೀಟರ್ ವೇಗದ ಗಟ್ಟಿ ಬಂಡೆಯಲ್ಲಿ ಅದೇ ಅಲೆಯುದ್ದ 40 ಮೀಟರ್. ಇಪ್ಪತ್ತು ಮೀಟರಿನಲ್ಲಿ ಅರ್ಧ ಸುತ್ತೂ ದಾಟುವುದಿಲ್ಲ. ಹಾಗಾಗಿ ಬಂಡೆಯೊಳಗಿನ ಸುರಂಗ ಹೊರಕ್ಕೆ ಬಿಡುವ ಕಂಪನ ಒಟ್ಟಿನಲ್ಲಿ ಕಡಿಮೆಯಾದರೂ, ಕಿವಿಗೆ ಬೀಳುವ ಮೇಲಿನ ಆವೃತ್ತಿಗಳನ್ನು ಬಂಡೆ ನುಂಗದೆ ದಾಟಿಸುತ್ತದೆ. ಮಣ್ಣಿನ ಸುರಂಗದ ಮೇಲೆ ಅದುರು ಗೊತ್ತಾಗುತ್ತದೆ, ಬಂಡೆಯ ಸುರಂಗದ ಮೇಲೆ ಸದ್ದು ಗೊತ್ತಾಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಸುರಂಗ ಎಂದರೆ ಮೊದಲು ನೆನಪಾಗುವುದು ತೋಟಕ್ಕೆ ನೀರು ತರಲು ಗುಡ್ಡಕ್ಕೆ ಅಡ್ಡವಾಗಿ ಕೊರೆದ ಮಾಟೆಗಳು. ಅಂಥದ್ದೊಂದು ಹತ್ತಿರವಿದ್ದರೆ ಸದ್ದು ಅದರೊಳಗೆ ಬೆಳೆಯುತ್ತದೆಯೇ ಎಂದು ಬಹಳ ಮಂದಿ ಕೇಳಿದ್ದಾರೆ. ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟರ ಆ ಟೊಳ್ಳು ಮೇಲೆ ಹೇಳಿದ ಅಲೆಯುದ್ದಗಳ ಮುಂದೆ ತೀರ ಚಿಕ್ಕದು; ಅಲೆ ಅದನ್ನು ಗಮನಿಸದೆ ಸುತ್ತಿಕೊಂಡು ಹೋಗುತ್ತದೆ. ಮಳೆಯ ಮಾತು ಬೇರೆ. ಆಟಿಯ ಮಳೆಗೆ ಬಾವಿಯ ನೀರು ಕಟ್ಟೆಯ ಹತ್ತಿರ ಬಂದು ನಿಂತಾಗ ನೀರು ಕುಡಿದ ಶೇಡಿ ಮೆದುವಾಗುತ್ತದೆ, ಒತ್ತಡದ ಅಲೆಗೆ ಮಾತ್ರ ಅದೇ ಮಣ್ಣು ಇದ್ದಕ್ಕಿದ್ದಂತೆ ವೇಗದ ದಾರಿಯಾಗುತ್ತದೆ. ಮಾರ್ಚಿನಲ್ಲಿ ಅಳೆದ ಅಂಕಿಯನ್ನು ಜುಲೈಗೆ ಹೊಂದಿಸಿ ಮಾತಾಡುವ ವರದಿಯನ್ನು ನಾನು ಅರ್ಧ ವರದಿ ಎಂದೇ ಎಣಿಸುತ್ತೇನೆ.

ಇನ್ನು ನಿಮ್ಮ ಮನೆ. ನೀವು ಬರೆದ ಲಕ್ಷಣಗಳೇ ರೋಗವನ್ನು ಹೇಳುತ್ತಿವೆ. ಅಂಗಳದಲ್ಲಿ ಕೇಳದ್ದು ಕೋಣೆಯೊಳಗೆ ಕೇಳುತ್ತಿದೆ ಎಂದರೆ ಸದ್ದು ಗಾಳಿಯಲ್ಲಿ ಬರುತ್ತಿಲ್ಲ. ನೆಲದಿಂದ ಅಡಿಪಾಯಕ್ಕೆ, ಅಲ್ಲಿಂದ ಗೋಡೆಗೆ, ಗೋಡೆಯಿಂದ ಕಾಂಕ್ರೀಟ್ ಹಾಸಿಗೆ, ಅಂದರೆ ಸ್ಲ್ಯಾಬಿಗೆ, ಹತ್ತಿದ ಕಂಪನ ಕೋಣೆಯ ಆರು ಮೈಗಳನ್ನೂ ಧ್ವನಿವರ್ಧಕದಂತೆ ನಡುಗಿಸುತ್ತಿದೆ. ಕಿಟಕಿ ಮುಚ್ಚಿ ತೆರೆದು ನೋಡಿ, ವ್ಯತ್ಯಾಸವಾಗದಿದ್ದರೆ ಇದು ಖಚಿತ. ಹನ್ನೆರಡು, ಹದಿಮೂರು ಅಡಿಯ ಕೋಣೆಗೆ ಐದು ಇಂಚಿನ ತಾರಸಿ, ಮೇಲೆ ಗಾರೆ ಮತ್ತು ಟೈಲ್ಸ್ ಎಂದು ಲೆಕ್ಕ ಹಿಡಿದರೆ ಆ ಹಾಸಿನ ಸಹಜ ಆವೃತ್ತಿ 25 ಹರ್ಟ್ಸ್ ಆಸುಪಾಸಿಗೆ ಬರುತ್ತದೆ. ಗೂಡ್ಸ್ ರೈಲು ಗಂಟೆಗೆ 55 ಕಿಲೋಮೀಟರ್ ವೇಗದಲ್ಲಿ ಸ್ಲೀಪರ್ ದಾಟುವ ಆವೃತ್ತಿಯೂ ಅದೇ. ತೊಟ್ಟಿಲನ್ನು ಅದರ ಲಯಕ್ಕೆ ಸರಿಯಾಗಿ ತೂಗಿದಂತಾಗಿ, ಸಣ್ಣ ತಳ್ಳುವಿಕೆಗೇ ಹಾಸು ದೊಡ್ಡದಾಗಿ ಆಡುತ್ತದೆ. ಲೋಟ ಕಿಣಿಕಿಣಿ ಎನ್ನುವುದು ಇದರಿಂದ. ನಿಧಾನದ ರೈಲು ವೇಗದ ರೈಲಿಗಿಂತ ಹೆಚ್ಚು ಅದುರಿಸಿತು ಎಂದು ಯಾರಾದರೂ ಹೇಳಿದರೆ ನಗಬೇಡಿ. 70ರಲ್ಲಿ ಹೋಗುವ ರೈಲಿನ ಲಯ ಆ ಹಾಸಿಗೆ ತಪ್ಪಿಹೋಗಿರುತ್ತದೆ.

ಗುಂಯ್ ಎಂಬುದಕ್ಕೆ ಇನ್ನೊಂದು ಕಾರಣ ಹುಡುಕಬೇಕು, ಏಕೆಂದರೆ 25 ಹರ್ಟ್ಸ್ ಮೈಗೆ ತಿಳಿಯುವಷ್ಟು ಕಿವಿಗೆ ತಿಳಿಯುವುದಿಲ್ಲ. ಹನ್ನೆರಡು ಅಡಿ ಅಂತರದ ಎರಡು ಗಟ್ಟಿ ಗೋಡೆಗಳ ನಡುವೆ ಗಾಳಿ ತಾನಾಗಿ ಅನುರಣಿಸುವ ಆವೃತ್ತಿ 47 ಹರ್ಟ್ಸ್, ಹದಿಮೂರು ಅಡಿಗೆ 43. ಗಾಲಿ ಹಳಿಯ ಮೇಲೆ ಕುಣಿಯುವ ಆವೃತ್ತಿ ಈ ಅಂಕಿಗಳ ಬಳಿಯೇ ಇದ್ದರೆ ಕೋಣೆ ಅದನ್ನು ಹಿಡಿದು ಹಿಗ್ಗಿಸುತ್ತದೆ. ಇದನ್ನು ಯಂತ್ರವಿಲ್ಲದೆ ಪರೀಕ್ಷಿಸಬಹುದು: ಮುಂದಿನ ಗೂಡ್ಸ್ ಬಂದಾಗ ಮೂಲೆಯಲ್ಲಿ ಗೋಡೆಗೆ ತಲೆ ತಾಗಿಸಿ ಕೇಳಿ, ಮರುದಿನ ಕೋಣೆಯ ನಟ್ಟನಡುವೆ ನಿಂತು ಕೇಳಿ. ಮೂಲೆಯಲ್ಲಿ ಜೋರಾಗಿದ್ದು ನಡುವೆ ಸಪ್ಪೆಯಾಗಿದ್ದರೆ ಕೋಣೆಯ ಪಾಲು ದೊಡ್ಡದು. ಮಂಚದ ತಲೆಯನ್ನು ಗೋಡೆಯಿಂದ ಈಚೆ ತಂದರೆ ಇಂದೇ ಸ್ವಲ್ಪ ಪರಿಹಾರ ಸಿಗುತ್ತದೆ. ಹಳೆಯ ಚಾವಡಿಯ ನೆಲ ಮಣ್ಣಿನ ಮೇಲೆಯೇ ಕೂತಿದೆ, ತೂಗಲು ಹಾಸಿಲ್ಲ. ಮಾಡಿನ ಹೆಂಚಿನ ಸಂದುಗಳಲ್ಲಿ ತಗ್ಗು ಸದ್ದು ಹೊರಗೆ ಸೋರಿಹೋಗುತ್ತದೆ. ನಿಮ್ಮ ಹಿರಿಯರು ಇದನ್ನೆಲ್ಲ ಲೆಕ್ಕ ಹಾಕಿ ಕಟ್ಟಿದ್ದಲ್ಲ, ಆದರೂ ಮನೆ ಬುದ್ಧಿವಂತವಾಗಿದೆ.

ಮುನ್ನಂದಾಜಿನ ವಿಧಾನಕ್ಕೆ ಬರೋಣ. ಐಎಸ್‌ಒ 14837 ಎಂಬ ಅಂತರರಾಷ್ಟ್ರೀಯ ಮಾನಕದ ಮೊದಲ ಭಾಗ 2005ರಲ್ಲಿ ಬಂತು. ರೈಲಿನಿಂದ ನೆಲದ ಮೂಲಕ ಬರುವ ಸದ್ದು ಮತ್ತು ಕಂಪನವನ್ನು ಮೂಲ, ದಾರಿ, ಕಟ್ಟಡ ಎಂದು ಬಿಡಿಸಿ, ಯೋಜನೆ ಮುಂದುವರಿದಂತೆ ಒರಟು ಅಂದಾಜಿನಿಂದ ನಿಖರ ಲೆಕ್ಕದ ಕಡೆಗೆ ಹಂತಹಂತವಾಗಿ ಹೋಗಬೇಕೆಂದು ಅದು ಹೇಳುತ್ತದೆ. ನಮ್ಮ ರೈಲ್ವೆಯ ಸಂಶೋಧನಾ ಸಂಸ್ಥೆ ಆರ್‌ಡಿಎಸ್‌ಒ ಕೂಡ 2015ರಲ್ಲಿ ಮೆಟ್ರೊಗಳಿಗಾಗಿ ಮಾರ್ಗಸೂಚಿ ಹೊರಡಿಸಿದೆ. ಕಂಪ್ಯೂಟರ್ ಮಾದರಿಗಳಲ್ಲಿ ಕೇಂಬ್ರಿಜ್‌ನಲ್ಲಿ ಬೆಳೆದ ‘ಕೊಳವೆಯೊಳಗೊಂದು ಕೊಳವೆ’ ಮಾದರಿ ನನಗೆ ಇಷ್ಟ: ಸುರಂಗದ ಗೋಡೆ ಒಂದು ತೆಳು ಕೊಳವೆ, ಅದರ ಸುತ್ತಲಿನ ಮಣ್ಣು ಹೊರಮೈಯೇ ಇಲ್ಲದ ದಪ್ಪ ಕೊಳವೆ, ಅಷ್ಟೇ. ಸಾಧಾರಣ ಕಂಪ್ಯೂಟರಿನಲ್ಲೂ ಬೇಗ ಉತ್ತರ ಕೊಡುತ್ತದೆ, ಹತ್ತು ಬಗೆಯ ಮಣ್ಣನ್ನು ಹಾಕಿ ಹೋಲಿಸಲು ಅದು ಚೆನ್ನ. ಮುರಕಲ್ಲು, ಶೇಡಿಯ ತಲೆಕೆಳಗಾದ ಪದರಗಳನ್ನು ಅದಕ್ಕೆ ಒಪ್ಪಿಸುವುದು ಮಾತ್ರ ಸುಲಭವಲ್ಲ.

ಅರೆ ಅಳತೆ, ಅರೆ ಲೆಕ್ಕದ ದಾರಿ ನಿಮಗೆ ಸಾಕು. ತಮ್ಮನ ಜಾಗದ ನೆಲದಲ್ಲಿ ಅಳೆದಾಗ, ಉದಾಹರಣೆಗೆ, ಅಮೆರಿಕದ ಮಾನದಲ್ಲಿ (ಅದೇನೆಂದು ಮುಂದೆ ಹೇಳುತ್ತೇನೆ) 68 ಡೆಸಿಬೆಲ್ ಬಂತು ಎನ್ನೋಣ. ಒಂದೆರಡು ಅಂತಸ್ತಿನ ಕಲ್ಲುಗೋಡೆಯ ಮನೆಗೆ ಅಡಿಪಾಯದಲ್ಲಿ 7 ಕಳೆಯಿರಿ, ಹಾಸಿನ ಅನುರಣನಕ್ಕೆ 6 ಸೇರಿಸಿರಿ ಎನ್ನುತ್ತದೆ ಮೊದಲು ಹೇಳಿದ ಅಮೆರಿಕದ ಕೈಪಿಡಿ, 67 ಆಯಿತು. ಕಂಪನದ ಮುಖ್ಯ ಭಾಗ 30ರಿಂದ 60 ಹರ್ಟ್ಸ್‌ನಲ್ಲಿದ್ದರೆ ಕಿವಿಯ ಲೆಕ್ಕದ ಸದ್ದಿಗಾಗಿ 35 ಕಳೆಯಬೇಕು, ಉಳಿದದ್ದು 32. ದಿನಕ್ಕೆ 70ಕ್ಕಿಂತ ಹೆಚ್ಚು ರೈಲು ಓಡುವಲ್ಲಿ ಮಲಗುವ ಮನೆಗೆ ಅದು ಇಟ್ಟಿರುವ ಮಿತಿ 35, ಮೂವತ್ತಕ್ಕಿಂತ ಕಡಿಮೆ ಇದ್ದರೆ 43. ಕಾಗದದ ಮೇಲೆ ಪಾಸಾಯಿತು. ಆದರೆ ಅದೇ ಕಂಪನ 60 ಹರ್ಟ್ಸ್‌ಗಿಂತ ಮೇಲಿದ್ದಿದ್ದರೆ ಕಳೆಯಬೇಕಾದದ್ದು 20 ಮಾತ್ರ, ಉತ್ತರ 47 ಆಗುತ್ತಿತ್ತು. ಆವೃತ್ತಿ ಹೇಳದೆ ಒಂದೇ ಅಂಕಿ ಕೊಡುವ ವರದಿಗೆ ಹಣ ಕೊಡಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಇನ್ನೊಂದು ಬಲೆ ಡೆಸಿಬೆಲ್‌ನಲ್ಲೇ ಇದೆ. ಅಮೆರಿಕದವರು ಸೆಕೆಂಡಿಗೆ ಇಂಚಿನ ಹತ್ತು ಲಕ್ಷದ ಒಂದು ಭಾಗವನ್ನು ಸೊನ್ನೆ ಎಂದು ಇಟ್ಟುಕೊಂಡಿದ್ದಾರೆ, ಬೇರೆ ಹಲವರು ಸೆಕೆಂಡಿಗೆ ಒಂದು ನ್ಯಾನೋಮೀಟರ್ ಅನ್ನು. ಇವೆರಡರ ನಡುವೆ 28 ಡೆಸಿಬೆಲ್ ಅಂತರ. ಅಮೆರಿಕದ 72 ಎಂದರೆ ಇನ್ನೊಂದರಲ್ಲಿ 100, ಎರಡೂ ಸೆಕೆಂಡಿಗೆ 0.1 ಮಿಲಿಮೀಟರ್. ಕೆಲವು ವರ್ಷಗಳ ಹಿಂದೆ ನನ್ನ ಮೇಜಿಗೆ ಬಂದ ಒಂದು ವರದಿಯಲ್ಲಿ ಅಳತೆ ಒಂದು ಮಾನದ್ದು, ಮಿತಿ ಇನ್ನೊಂದರದ್ದು. ಮನೆಯವರು ಜಾಗ ಮಾರಲು ಹೊರಟಿದ್ದರು. ಮಿಲಿಮೀಟರಿಗೆ ಬದಲಿಸಿ ನೋಡಿದರೆ ಅಲ್ಲಿ ಏನೂ ತೊಂದರೆ ಇರಲಿಲ್ಲ. ಅಳೆಯುವವರಿಗೆ ‘ಸೆಕೆಂಡಿಗೆ ಎಷ್ಟು ಮಿಲಿಮೀಟರ್, ಯಾವ ಆವೃತ್ತಿಯಲ್ಲಿ’ ಎಂದು ಕೇಳಿ.

ಅಳತೆ ಹೇಗಿರಬೇಕೆಂದರೆ, ತಮ್ಮನ ಜಾಗದಲ್ಲಿ ಮನೆ ಬರುವ ಕಡೆ ಮೇಲಿನ ಸಡಿಲ ಮಣ್ಣು ತೆಗೆದು ಗಟ್ಟಿ ಮುರಕಲ್ಲಿಗೆ ಪ್ಲಾಸ್ಟರಿನಿಂದ ಅಂಟಿಸಿ ಜಿಯೋಫೋನ್ (ನೆಲದ ಕಂಪನ ಅಳೆಯುವ ಉಪಕರಣ) ಇಡಬೇಕು. ಅದೇ ಹೊತ್ತಿಗೆ ನಿಮ್ಮ ಹೊಸ ಮನೆಯ ಕೆಳಗಿನ ನೆಲದಲ್ಲಿ ಒಂದು, ಮೇಲಿನ ಕೋಣೆಯ ಹಾಸಿನ ನಡುವೆ ಒಂದು, ಜೊತೆಗೆ ತಗ್ಗು ಆವೃತ್ತಿ ಹಿಡಿಯುವ ಮೈಕ್ ಒಂದು. ನಿಮ್ಮ ಮನೆ ಅಂಗಳದಿಂದ ಕೋಣೆಗೆ ಯಾವ ಆವೃತ್ತಿಯನ್ನು ಎಷ್ಟು ಹಿಗ್ಗಿಸುತ್ತದೆ ಎಂದು ಆಗ ತಿಳಿಯುತ್ತದೆ. ಅದೇ ಗುಡ್ಡ, ಅದೇ ರೈಲು, ಹೆಚ್ಚುಕಡಿಮೆ ಅದೇ ಬಗೆಯ ಕಟ್ಟಡವಾದ್ದರಿಂದ ಆಚೀಚೆ 10 ಎಂಬ ಅನಿಶ್ಚಿತತೆ ಬಹಳಷ್ಟು ಕುಗ್ಗುತ್ತದೆ. ಎರಡು ಮೂರು ರಾತ್ರಿ, ಗೂಡ್ಸ್ ಮತ್ತು ಪ್ರಯಾಣಿಕರ ರೈಲು ಬೇರೆ ಬೇರೆಯಾಗಿ, ಬೇಸಿಗೆಯಲ್ಲೊಮ್ಮೆ ಮಳೆಗಾಲದಲ್ಲೊಮ್ಮೆ. ಉಪಕರಣ ಇಡುವ ಮೊದಲು ನೆಲದ ಟೈಲ್ಸನ್ನು ನಾಣ್ಯದಿಂದ ತಟ್ಟಿ ನೋಡಬೇಕು. ಉಡುಪಿಯ ಇಂದ್ರಾಳಿ ಕಡೆಯ ಒಂದು ಮನೆಯಲ್ಲಿ ನಾನೇ ತಟ್ಟದೆ ಇಟ್ಟು, ಕೆಳಗೆ ಗಾರೆ ಬಿಟ್ಟುಹೋಗಿದ್ದ ಟೈಲ್ ತನ್ನಷ್ಟಕ್ಕೆ ಕುಣಿದದ್ದನ್ನು ಇಡೀ ಮನೆಯ ಕಂಪನವೆಂದು ಬರೆದುಕೊಂಡು ಬಂದಿದ್ದೆ. ಅದೇ ಮನೆಯಲ್ಲಿ 48 ಹರ್ಟ್ಸ್‌ನ ಒಂದು ಗೆರೆ ರೈಲಿಲ್ಲದಾಗಲೂ ಬಿಡದೆ ಕಾಣುತ್ತಿತ್ತು. ಪಕ್ಕದ ಮನೆಯ ಬಾವಿಯ ಪಂಪು. ನಿಮಿಷಕ್ಕೆ 2880 ಸುತ್ತು ತಿರುಗುವ ಮೋಟಾರಿನ ಆವೃತ್ತಿ ಅದು.

ಇಷ್ಟು ಕೈಯಲ್ಲಿದ್ದರೆ ತಮ್ಮನ ಮನೆಯ ವಿನ್ಯಾಸ ಬಹುಮಟ್ಟಿಗೆ ತಾನೇ ತೀರ್ಮಾನವಾಗುತ್ತದೆ. ಮಲಗುವ ಕೋಣೆಗಳನ್ನು ಕೆಳಗೆ, ಮಣ್ಣಿನ ಮೇಲೆ ಕೂತ ನೆಲದಲ್ಲಿ ಇಟ್ಟು, ಅಡುಗೆಮನೆ, ಕಚೇರಿಕೋಣೆ ಮೇಲೆ ಹೋದರೆ ಅರ್ಧ ಸಮಸ್ಯೆ ಖರ್ಚಿಲ್ಲದೆ ಮುಗಿಯಿತು. ಮೇಲೆಯೇ ಮಲಗಬೇಕೆಂದಿದ್ದರೆ ಹಾಸಿನ ಆವೃತ್ತಿಯನ್ನು ರೈಲಿನ ಗೆರೆಗಳಿಂದ ದೂರ ಸರಿಸಬೇಕು. ಹತ್ತು ಅಡಿ ಚೌಕದ ಕೋಣೆಗೆ ಅದೇ ಐದು ಇಂಚಿನ ತಾರಸಿ 40 ಹರ್ಟ್ಸ್ ಹತ್ತಿರ ಹೋಗುತ್ತದೆ; ಅಳತೆಯಲ್ಲಿ 40ರ ಬಳಿಯೇ ದಿಬ್ಬ ಕಂಡರೆ ಅದು ತಪ್ಪು ಆಯ್ಕೆ, ಇಲ್ಲದಿದ್ದರೆ ಒಳ್ಳೆಯದು. ಇಡೀ ಮನೆಯನ್ನು ರಬ್ಬರ್ ಮೆತ್ತೆಯ ಮೇಲೆ ಕೂರಿಸುವುದು ಸಂಗೀತ ಸಭಾಂಗಣಗಳಿಗೆ ಸರಿ, ನಾಲ್ಕು ಕೋಣೆಯ ಮನೆಗೆ ದುಂದು. ಎತ್ತರದ ಕಾಂಪೌಂಡ್ ಗೋಡೆ, ಎರಡು ಪದರದ ಗಾಜಿನ ಕಿಟಕಿ, ಮನೆ ಸುತ್ತ ಕಂದಕ, ಇವು ಯಾವುವೂ ಕೆಳಗಿನಿಂದ ಏರಿಬರುವ ಅಲೆಯನ್ನು ತಡೆಯುವುದಿಲ್ಲ.

ಹಳಿಯ ಕಡೆಯ ಪರಿಹಾರಗಳು ರೈಲ್ವೆಯ ಕೈಯಲ್ಲಿವೆ. ಹಳಿಯ ಮೈ ಉಜ್ಜುವುದು, ಗಾಲಿ ಕಡೆಯುವುದು, ಸ್ಲೀಪರಿನಡಿ ಮೆತ್ತೆ ಹಾಕುವುದು ಇರುವ ಮಾರ್ಗದಲ್ಲೂ ಸಾಧ್ಯ. ಸ್ಪ್ರಿಂಗ್ ಅಥವಾ ರಬ್ಬರಿನ ಮೇಲೆ ಕೂತ ತೇಲುವ ಕಾಂಕ್ರೀಟ್ ಹಾಸು ಎಲ್ಲಕ್ಕಿಂತ ಬಲವಾದದ್ದು. 10 ಹರ್ಟ್ಸ್‌ಗೆ ಹೊಂದಿಸಿದ ಹಾಸು ತನ್ನ ಭಾರಕ್ಕೆ ಎರಡೂವರೆ ಮಿಲಿಮೀಟರ್ ಕುಸಿದು ನಿಂತು, 14 ಹರ್ಟ್ಸ್‌ನಿಂದ ಮೇಲಿನದ್ದನ್ನು ತಗ್ಗಿಸುತ್ತದೆ. ಆದರೆ ಅದನ್ನು ಸುರಂಗ ಕಟ್ಟುವಾಗಲೇ ಹಾಕಬೇಕು, ಓಡುತ್ತಿರುವ ಗೂಡ್ಸ್ ಮಾರ್ಗದಲ್ಲಿ ಕೇಳಿ ಪ್ರಯೋಜನವಿಲ್ಲ.

ಬಿರುಕಿನ ಬಗ್ಗೆ. ಜರ್ಮನಿಯ ಡಿಐಎನ್ 4150 ಮಾನಕ ಮನೆಗಳಿಗೆ ತಗ್ಗು ಆವೃತ್ತಿಯಲ್ಲಿ ಸೆಕೆಂಡಿಗೆ 5 ಮಿಲಿಮೀಟರ್, ಸೂಕ್ಷ್ಮವಾದ ಪುರಾತನ ಕಟ್ಟಡಗಳಿಗೆ 3 ಮಿಲಿಮೀಟರ್ ಗರಿಷ್ಠ ವೇಗದವರೆಗೆ ಹಾನಿಯ ಭಯವಿಲ್ಲ ಎನ್ನುತ್ತದೆ. ಬಿಡದೆ ನಡುಗಿಸುವ ಕಂಪನಕ್ಕೆ ಅದರಲ್ಲಿ ಬೇರೆಯೇ ಮಿತಿಗಳಿವೆ. ನಿದ್ದೆ ಕೆಡಿಸುವ ಸುರಂಗದ ಕಂಪನ ಸಾಮಾನ್ಯವಾಗಿ 0.1ರ ಆಸುಪಾಸಿನದು, ಕ್ಷಣದ ಗರಿಷ್ಠವನ್ನು ಲೆಕ್ಕಕ್ಕೆ ತೆಗೆದುಕೊಂಡರೂ 0.5 ದಾಟುವುದು ಅಪರೂಪ. ಮನುಷ್ಯನ ಮೈ ಗೋಡೆಗಿಂತ ಎಷ್ಟೋ ಪಾಲು ಸೂಕ್ಷ್ಮ; ಗೊತ್ತಾಗುತ್ತದೆ ಎಂದ ಮಾತ್ರಕ್ಕೆ ಗೋಡೆ ಒಡೆಯುತ್ತದೆ ಎಂದಲ್ಲ. ಹಳೆಯ ಮುರಕಲ್ಲು ಗೋಡೆಗೆ ಹೊಸ ಕಾಂಕ್ರೀಟ್ ಮನೆಯನ್ನು ತಾಗಿಸಿ ಕಟ್ಟಿದಾಗ ಎರಡರ ಅಡಿಪಾಯ ಬೇರೆ ಬೇರೆಯಾಗಿ ಕೂರುತ್ತದೆ, ಬಿರುಕು ಕೂಡುಗಟ್ಟಿನಲ್ಲಿ ನೆಟ್ಟಗೆ ಕಂಡರೆ ನನ್ನ ಸಂಶಯ ಅದರ ಮೇಲೆ. ಗುಡ್ಡದ ಅಂಚಿನ ಕಡೆಯ ಗೋಡೆಯಲ್ಲಿ ಓರೆಯಾಗಿ ಬಂದಿದ್ದರೆ ಮಾತು ಬೇರೆ: 2019ರ ಆಗಸ್ಟ್‌ನಲ್ಲಿ ಪಡೀಲ್ ಮತ್ತು ಕುಲಶೇಖರದ ನಡುವೆ ಹಳಿಯ ಮೇಲೆ ಗುಡ್ಡ ಕುಸಿದು ದಿನಗಟ್ಟಲೆ ರೈಲು ನಿಂತದ್ದು ನಿಮಗೆ ನೆನಪಿರಬಹುದು. ಅದು ನೀರು ಕುಡಿದ ಇಳಿಜಾರಿನ ವಿಷಯ, ಅದಕ್ಕೆ ಕಂಪನ ಅಳೆಯುವವರನ್ನಲ್ಲ, ಮಣ್ಣಿನ ತಜ್ಞರನ್ನು ಕರೆಯಬೇಕು. ಸದ್ಯಕ್ಕೆ ಬಿರುಕಿಗೆ ಅಡ್ಡವಾಗಿ ತೆಳು ಗಾಜಿನ ಪಟ್ಟಿಯೊಂದನ್ನು ಎರಡೂ ತುದಿ ಸಿಮೆಂಟಿನಿಂದ ಅಂಟಿಸಿ, ತಾರೀಕು ಬರೆದಿಡಿ. ಬೇಸಿಗೆಯಲ್ಲಿ ಉಳಿದ ಗಾಜು ಮಳೆಗಾಲದಲ್ಲಿ ಒಡೆದರೆ ಕಾರಣ ಮಳೆ ಮತ್ತು ಮಣ್ಣು. ರೈಲು ಎರಡೂ ಕಾಲದಲ್ಲಿ ಒಂದೇ ಥರ ಓಡುತ್ತದೆ.